ಕಂಪನಿದೋ, ಲೋಕಲ್ಲೋ, ಲೇತಿಂದೋ?

ಅಂಬಾಸಿಡರ್ ಕಾರಿನ ಬ್ರೇಕ್ ಕಿಟ್ ಬೇಕು ಅಂದರೆ ಕೊಪ್ಪಳದ ಬಿಡಿಭಾಗದ ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ಏಣಿ ಹತ್ತುತ್ತಾರೆ. ಬೊಲೆರೊ, ಟಾಟಾ ಏಸ್‌ಗಳ ಸಾಮಾನು ಕೈಗೆಟುಕುವ ಕಪಾಟಿನಲ್ಲಿ. ಅಂಬಾಸಿಡರಿನದು ಅಟ್ಟದ ಮೇಲೆ. ಇಳಿದು ಬಂದದ್ದು ಎರಡು. ಒಂದು, ಬಣ್ಣ ಮಾಸಿ ಅಂಚನ್ನು ಇಲಿ ಕಡಿದ ರಟ್ಟಿನ ಡಬ್ಬಿ, ಮೇಲೆ ಹಳೆಯ ಕಂಪನಿಯ ಗುರುತು. ಇನ್ನೊಂದು, ದಿಲ್ಲಿ ಕಡೆಯಿಂದ ಬಂದ ಪ್ಲಾಸ್ಟಿಕ್ ಪೊಟ್ಟಣ, ಹೆಸರಿಲ್ಲದ್ದು. ‘ಹಳೇದು ಒರಿಜಿನಲ್ ಐತ್ರಿ, ಇದೊಂದ ಉಳದೈತಿ. ರೊಕ್ಕ ಜಾಸ್ತಿ. ಇದು ಲೋಕಲ್. ನೋಡ್ರಿ, ನಿಮ್ಮ ಮರ್ಜಿ’ ಅಂದರು ಅಂಗಡಿಯವರು.

ಹಳೆ ಕಾರಿನ ಹುಚ್ಚಿದ್ದವರ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಗುತ್ತದೆ. ಹೋಗಬಾರದು. ಆ ಕಿಟ್ ಅಂದರೆ ಬಹುಪಾಲು ರಬ್ಬರು: ಮಾಸ್ಟರ್ ಸಿಲಿಂಡರಿನೊಳಗೆ ಎಣ್ಣೆಯನ್ನು ಒತ್ತಿ ಹಿಡಿಯುವ ಕಪ್ಪುಗಳು, ವಾಷರುಗಳು, ಮೇಲೊಂದು ಧೂಳು ತಡೆಯುವ ಟೊಪ್ಪಿಗೆ. ರಬ್ಬರಿಗೆ ಬಳಸದಿದ್ದರೂ ವಯಸ್ಸಾಗುತ್ತದೆ. ಕೊಪ್ಪಳದ ಬೇಸಿಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಇಪ್ಪತ್ತು ವರ್ಷ ಕೂತ ರಬ್ಬರಿಗೆ ಇನ್ನೂ ಬೇಗ. ಕಪ್ಪಿನ ತುಟಿಯನ್ನು ಹೆಬ್ಬೆರಳಿನಿಂದ ಹೊರಕ್ಕೆ ಮಡಚಿ ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಉಗುರು ಊರಿದರೆ ಗುರುತು ಮರಳಿ ಮೇಲೇಳುವುದಿಲ್ಲ. ಹಳೆಯ ಅಂಬಾಸಿಡರಿನ ಬ್ರೇಕಿಗೆ ಇರುವುದು ಒಂದೇ ಜಾಡು. ಪೆಡಲ್ ಒತ್ತಿದರೆ ನಾಲ್ಕೂ ಗಾಲಿಗೆ ಎಣ್ಣೆ ಹೋಗುವುದು ಒಂದೇ ಸಿಲಿಂಡರಿನಿಂದ. ಈಗಿನ ಕಾರುಗಳಲ್ಲಿ ಎರಡು ಜಾಡು ಇರುವುದರಿಂದ ಒಂದು ಸೋತರೆ ಇನ್ನೊಂದು ಅರ್ಧವಾದರೂ ಹಿಡಿಯುತ್ತದೆ. ಇಲ್ಲಿ ಒಂದು ಕಪ್ಪು ಸೀಳಿದರೆ ಕಾಲು ನೆಲ ಮುಟ್ಟುತ್ತದೆ, ಗಾಡಿ ಮಾತ್ರ ಹೋಗುತ್ತಲೇ ಇರುತ್ತದೆ.

ಹಾಗಂತ ಹೆಸರಿಲ್ಲದ ಪೊಟ್ಟಣವೂ ಬೇಡ. ಮೂರನೆಯ ದಾರಿಯೊಂದಿದೆ, ಅದನ್ನು ಹೇಳುವವರು ಕಡಿಮೆ. ಕಪ್ಪಿನ ಬೆನ್ನ ಮೇಲೆ ಅದರ ಅಳತೆ ಅಚ್ಚಾಗಿರುತ್ತದೆ, ಇಂಚಿನ ಲೆಕ್ಕದಲ್ಲಿ. ಸಿಲಿಂಡರಿನ ಒಳಗಿನ ಅಳತೆ ತೆಗೆದುಕೊಂಡು ಹೋದರೆ, ಇವತ್ತಿಗೂ ಬ್ರೇಕ್ ಮಾಡುವ ದೊಡ್ಡ ಕಂಪನಿಯೊಂದರ, ಬೇರೆ ಯಾವುದೋ ಗಾಡಿಗೆಂದು ಬಂದ ಅದೇ ಅಳತೆಯ, ಅದೇ ಆಕಾರದ ಹೊಸ ಕಪ್ಪು ಸಿಗಬಹುದು. ಅದು ಅಂಬಾಸಿಡರಿನ ಒರಿಜಿನಲ್ ಅಲ್ಲ, ನಕಲಿಯೂ ಅಲ್ಲ. ಗಾಡಿ ನಿಲ್ಲಿಸುತ್ತದೆ.

ಇರಕಲ್ಲಗಡದಂಥ ಊರಿನಲ್ಲಿ ಹಳೆ ಕಾರು ಅಂದರೆ ರಾಜರ ರೋಲ್ಸ್ ರಾಯ್ಸ್ ಅಲ್ಲ. ಅಂಥವನ್ನು ನೋಡಬೇಕೆಂದರೆ ಮೈಸೂರು–ಬೆಂಗಳೂರು ಹೆದ್ದಾರಿಯ ಬದಿಗಿರುವ ‘ಪಯಣ’ ಸಂಗ್ರಹಾಲಯಕ್ಕೆ ಹೋಗಬೇಕು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಗಾಡಿಗಳು ಅಲ್ಲಿ ಸಾಲಾಗಿ ಮಿರಿಮಿರಿ ಮಿಂಚುತ್ತವೆ. ಕೊಪ್ಪಳ ತಾಲ್ಲೂಕಿನ ಈ ಹೋಬಳಿ ಊರಿನಲ್ಲಿ, ಬಂಡೆಗಲ್ಲಿನ ಗುಡ್ಡದ ಮೇಲೆ ಕೋಟೆಯ ಗೋಡೆ ಹೊತ್ತು ನಿಂತಿರುವ ಊರಿನಲ್ಲಿ, ಹಳೆ ಗಾಡಿಯೆಂದರೆ ಅಂಬಾಸಿಡರ್, ಮಹೀಂದ್ರ ಜೀಪು, ಎಲ್ಲೋ ಒಂದು ಪದ್ಮಿನಿ. ಇವು ಯಾರೂ ಶೋಕಿಗೆ ತಂದವಲ್ಲ. ಮದುವೆಯ ದಿಬ್ಬಣ, ಹೆರಿಗೆಗೆ ಕೊಪ್ಪಳದ ದವಾಖಾನೆ, ಗವಿಮಠದ ಜಾತ್ರೆ, ಚುನಾವಣೆ ಪ್ರಚಾರ, ಗಂಗಾವತಿಯಿಂದ ನೆಲ್ಲಿನ ಬೀಜ, ಎಲ್ಲಕ್ಕೂ ಅದೇ. ಐದು ಮಂದಿ ಕೂರುವ ಕಾರಿನಲ್ಲಿ ಹತ್ತು ಮಂದಿ ಕೂತು, ಡಿಕ್ಕಿ ಮುಚ್ಚದೆ ಹಗ್ಗ ಕಟ್ಟಿಕೊಂಡು ಕುಷ್ಟಗಿಗೋ ಯಲಬುರ್ಗಾಕ್ಕೋ ಹೋಗಿ ಬಂದವು.

ಅಂಥದೊಂದು ಮಾರ್ಕ್ 3 ಅಂಬಾಸಿಡರ್ ಈ ಊರಿನ ಒಬ್ಬ ರೈತರ ಮನೆಯಲ್ಲಿದೆ. ತಂದೆ ಕೊಂಡದ್ದು. ಮಗನಿಗೆ ಈಗ ಅದನ್ನು ‘ಒರಿಜಿನಲ್ ಕಂಡೀಷನ್’ಗೆ ತರುವ ಆಸೆ. ಅದಕ್ಕೊಂದು ಹೊಸ ಕಾರಣವೂ ಇದೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ಗಾಡಿಗಳಿಗೆ ಬೇರೆಯೇ ನೋಂದಣಿ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ‘ವಿಎ’ ಅಕ್ಷರವಿರುವ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಆಗ ಗೊತ್ತುಮಾಡಿದ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ ಸಲ್ಲುತ್ತದೆ, ನವೀಕರಣಕ್ಕೆ 5,000. ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಎಣ್ಣೆ ಹಾಕಿಸುವುದು ಇಷ್ಟಕ್ಕೆ ರಸ್ತೆಗಿಳಿಯಬಹುದು. ಮುಖ್ಯ ಷರತ್ತು ಇನ್ನೊಂದು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. 1975ರ ಸುಮಾರಿಗೆ ಬಂದ ಮಾರ್ಕ್ 3 ಅಂಬಾಸಿಡರುಗಳು ಈಗ ಒಂದೊಂದಾಗಿ ಆ ಹೊಸ್ತಿಲು ದಾಟುತ್ತಿವೆ. ಹೀಗಾಗಿ ಇಷ್ಟು ದಿನ ಮಿಸ್ತ್ರಿ ಮತ್ತು ಮಾಲೀಕನ ನಡುವಿನ ವಾದವಾಗಿದ್ದ ಒರಿಜಿನಲ್ ಅನ್ನುವ ಮಾತು ಆರ್‌ಟಿಒ ಕಚೇರಿಯ ಮೇಜಿಗೂ ಬಂದಿದೆ.

ಈ ಮಾರ್ಕ್ 3ರ ಸಮಸ್ಯೆ ಬಾನೆಟ್ ಎತ್ತಿದ ಕೂಡಲೇ ಕಾಣುತ್ತದೆ. ಒಳಗಿರುವುದು ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್. ಪೆಟ್ರೋಲ್ ತುಟ್ಟಿಯಾದಾಗ ಹೀಗೆ ಎಂಜಿನ್ ಬದಲಿಸಿಕೊಂಡ ಅಂಬಾಸಿಡರುಗಳು ಎಲ್ಲೆಡೆ ಇದ್ದವು. ಪುಣ್ಯಕ್ಕೆ ಇಲ್ಲಿ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನು ಗುಜರಿಗೆ ಹಾಕಿರಲಿಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಆರ್‌ಸಿ ಪುಸ್ತಕದಲ್ಲಿರುವುದೂ ಅದೇ ಎಂಜಿನ್ನಿನ ನಂಬರು. ಅದನ್ನು ಬಿಚ್ಚಿ ಸಿಲಿಂಡರ್ ಬೋರಿಂಗ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ ಮತ್ತೆ ಕೂಡಿಸುವುದು ಎಂದು ಠರಾವಾಯಿತು. ಈ ಒಂದು ಭಾಗದ ಮಟ್ಟಿಗೆ ಚರ್ಚೆಗೆ ಜಾಗವಿಲ್ಲ. ನಂಬರು ಹೊತ್ತ ಬ್ಲಾಕು, ನಂಬರು ಹೊತ್ತ ಚಾಸಿ, ಇವೆರಡನ್ನು ಸವೆದರೂ ಸೀಳಿದರೂ ಉಳಿಸಿಕೊಳ್ಳಬೇಕು. ಬಿರುಕು ಬಿಟ್ಟ ಬ್ಲಾಕನ್ನು ಬೆಸುಗೆಯಿಲ್ಲದೆ ಲೋಹದ ಮೊಳೆಗಳಿಂದ ಹೊಲಿಯುವವರಿದ್ದಾರೆ, ಸವೆದ ಬೋರಿಗೆ ಸ್ಲೀವ್ ಕೂರಿಸುವವರಿದ್ದಾರೆ. ಹೊಸ ಬ್ಲಾಕು ತಂದು ಹಳೆ ನಂಬರು ಕೊರೆಯುವವರೂ ಇದ್ದಾರೆ. ಅದು ದುರಸ್ತಿಯಲ್ಲ, ಅಪರಾಧ.

ಹೊಸ ಬ್ಲಾಕು ಎರಕ ಹೊಯ್ಸಿದರಾಗದೇ ಎಂದು ಕೊಪ್ಪಳದವರು ಕೇಳಿದರೆ ಅವರಿಗೆ ಆ ಹಕ್ಕಿದೆ. ಇದೇ ತಾಲ್ಲೂಕಿನ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಇದೆ. ಬೀಡುಕಬ್ಬಿಣದ ಜತೆಗೆ ಟ್ರ್ಯಾಕ್ಟರು, ಲಾರಿ, ಕಾರುಗಳ ಸಿಲಿಂಡರ್ ಬ್ಲಾಕು, ಹೆಡ್ಡುಗಳ ಎರಕ ಅಲ್ಲಿಂದ ದೇಶದ ದೊಡ್ಡ ಎಂಜಿನ್ ಕಂಪನಿಗಳಿಗೆ ಹೋಗುತ್ತದೆ. ಆದರೆ ಅಂಥ ಕಡೆ ಒಂದು ಬ್ಲಾಕು ಕೇಳುವಂತಿಲ್ಲ. ಎರಕಕ್ಕೆ ಮೊದಲು ಪ್ಯಾಟರ್ನ್ ಬೇಕು, ಒಳಗೆ ನೀರು ಓಡಾಡುವ ಪೊಳ್ಳುಗಳಿಗೆ ಮರಳಿನ ಕೋರ್ ಬೇಕು, ಕೋರಿಗೆ ಪೆಟ್ಟಿಗೆ ಬೇಕು. ಆ ಖರ್ಚು ಸಾವಿರಾರು ಬ್ಲಾಕುಗಳ ಮೇಲೆ ಹಂಚಿದಾಗ ಮಾತ್ರ ಒಂದೊಂದಕ್ಕೆ ಕಡಿಮೆ ಬೀಳುತ್ತದೆ. ಇತ್ತೀಚೆಗೆ ಮರಳಿನ ಅಚ್ಚನ್ನೇ ಕಂಪ್ಯೂಟರಿನಿಂದ ಪದರ ಪದರವಾಗಿ ಮುದ್ರಿಸಿ ಒಂದೇ ಒಂದು ಎರಕ ತೆಗೆಯುವ ವಿದ್ಯೆ ಬಂದಿದೆ. ಹೊರದೇಶಗಳಲ್ಲಿ ನೂರು ವರ್ಷದ ಹಿಂದಿನ ರೇಸ್ ಕಾರುಗಳಿಗೆ ಹಾಗೆ ಬ್ಲಾಕು ಮಾಡಿಸಿಕೊಳ್ಳುವ ಶ್ರೀಮಂತರಿದ್ದಾರೆ. ಅಂಬಾಸಿಡರಿಗೆ ಆ ಭಾಗ್ಯ ಸದ್ಯಕ್ಕಿಲ್ಲ. ಹೀಗಾಗಿ ನಮ್ಮಲ್ಲಿ ಪುನರ್‌ತಯಾರಿಕೆ ಅಂದರೆ ತಗಡು, ರಬ್ಬರು, ಕ್ರೋಮು, ಬುಶ್ಶು. ಕಷ್ಟದ ಭಾಗಗಳನ್ನು ಯಾರೂ ಮಾಡುವುದಿಲ್ಲ.

ಈ ಅಂಬಾಸಿಡರೇ ಒಂದು ಮರುತಯಾರಿಕೆ ಅನ್ನುವುದನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನ ರೂಪವನ್ನು ಹಿಂದೂಸ್ಥಾನ್ ಮೋಟಾರ್ಸ್ ಕೊಂಡು, 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾರಾದಲ್ಲಿ ಮಾಡತೊಡಗಿತು. ಅಲ್ಲಿ ಮೂಲ ಕಾರು ಬೇಗನೆ ನಿಂತುಹೋಯಿತು. ಇಲ್ಲಿ 2014ರ ಮೇ ತಿಂಗಳವರೆಗೆ ನಡೆಯಿತು. ಈ ನಡುವೆ ಬ್ರಿಟನ್ನಿನಲ್ಲಿ ಮಾರಿಸ್ ಇಟ್ಟುಕೊಂಡವರು ಭಾರತದಿಂದ ಅಂಬಾಸಿಡರಿನ ಬಿಡಿಭಾಗ ತರಿಸಿ ತಮ್ಮ ಗಾಡಿ ಓಡಿಸಿದರು. ಈ ಕಡೆಯಿಂದ ನೋಡಿದರೆ ಅಂಬಾಸಿಡರಿನ 1489 ಸಿಸಿ ಎಂಜಿನ್ ಮತ್ತು ಎಂಜಿಎ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ ಒಂದೇ ಮನೆತನದವು. ಆ ಕಾರಿಗೆ ಅಲ್ಲಿ ಇಂದಿಗೂ ಬಿಡಿಭಾಗ ಮಾಡುವವರಿದ್ದಾರೆ. ಕೆಲವು ಭಾಗ ಹೊಂದಿಕೆಯಾಗುತ್ತವೆ, ಕೆಲವು ಆಗುವುದಿಲ್ಲ. ತರಿಸುವ ಮುಂಚೆ ಅಳತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಆದಮೇಲೆ ಮಾರಿಸಿಗೆ ಹಾಕಿದ ಉತ್ತರಪಾರಾದ ಭಾಗ ನಕಲಿಯೇ ಅಂತ ಯಾರನ್ನು ಕೇಳುವುದು?

ಐವತ್ತಕ್ಕೂ ಹೆಚ್ಚು ವರ್ಷ ಮೈಕಟ್ಟು ಹೆಚ್ಚು ಬದಲಾಗದೆ ಬಂದದ್ದು ಅಂಬಾಸಿಡರ್ ಇಟ್ಟುಕೊಂಡವರಿಗೆ ವರವೂ ಹೌದು, ಬಲೆಯೂ ಹೌದು. ವರ ಯಾಕೆಂದರೆ ಕೋಲ್ಕತ್ತದ ಹಳದಿ ಟ್ಯಾಕ್ಸಿಗಳು ಹದಿನೈದು ವರ್ಷದ ನಿಯಮಕ್ಕೆ ಸಿಕ್ಕಿ ರಸ್ತೆ ಬಿಟ್ಟಾಗ, ಸರ್ಕಾರಿ ಕಚೇರಿಗಳ ಬಿಳಿ ಕಾರುಗಳು ಗುಜರಿಗೆ ಹೋದಾಗ, ಬಾಗಿಲು, ಗಾಜು, ಹಿಂಬದಿಯ ಹೌಸಿಂಗು ಎಲ್ಲ ಹೊರಬಂತು. ಕೋಲ್ಕತ್ತದ ಮಲಿಕ್ ಬಜಾರ್, ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಗಳಲ್ಲಿ ಹುಡುಕುವ ತಾಳ್ಮೆಯಿದ್ದರೆ ಸಿಗುತ್ತದೆ. ಬಲೆ ಯಾಕೆಂದರೆ ಎಲ್ಲವೂ ಎಲ್ಲದಕ್ಕೂ ಕೂತುಬಿಡುತ್ತದೆ. ಮಾರ್ಕ್ 2ರ ಸಣ್ಣ ಚೌಕುಳಿಯ ಜಾಲರಿ ಇರಬೇಕಾದ ಕಡೆ ಮಾರ್ಕ್ 4ರದು ಕೂತಿರುತ್ತದೆ, ಆಮೇಲೆ ಬಂದ ‘ನೋವಾ’ ಮಾದರಿಯ ಸ್ಟೇರಿಂಗು 1970ರ ದಶಕದ ಡ್ಯಾಶ್‌ಬೋರ್ಡಿನ ಮುಂದೆ. ಪ್ರತಿ ಭಾಗವೂ ಅಪ್ಪಟ ಕಂಪನಿಯದೇ. ಕಾರು ಮಾತ್ರ ಯಾವ ವರ್ಷದ್ದೂ ಅಲ್ಲ. ಒರಿಜಿನಲ್ ಭಾಗಗಳನ್ನೇ ಕೂಡಿಸಿ ಒರಿಜಿನಲ್ ಅಲ್ಲದ ಕಾರು ಮಾಡುವುದು ಇಷ್ಟು ಸುಲಭ.

ತಗಡಿನ ವಿಷಯದಲ್ಲಿ ನಾನು ಹಳೆಯದರ ಪಕ್ಷ. ಮಾರುಕಟ್ಟೆಯಲ್ಲಿ ಸಿಗುವ ಹೊಸ ಮಡ್‌ಗಾರ್ಡುಗಳಲ್ಲಿ ಎಷ್ಟೋ ತೆಳ್ಳಗೆ. ಹೆಬ್ಬೆರಳು ಒತ್ತಿದರೆ ಬಗ್ಗುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಉಬ್ಬಿನದು. ಅಂಬಾಸಿಡರಿನ ಚೆಲುವೆಲ್ಲ ಆ ದುಂಡು ಹೆಗಲಿನಲ್ಲಿದೆ. ಹೆಡ್‌ಲೈಟಿನ ಸುತ್ತ ಹೊರಟು ಬಾಗಿಲಿಗೆ ಬರುವಷ್ಟರಲ್ಲಿ ಕರಗುವ ಆ ಗೆರೆ ಕಾರ್ಖಾನೆಯ ದೊಡ್ಡ ಪ್ರೆಸ್ಸಿನಲ್ಲಿ ಬಂದದ್ದು. ಸಣ್ಣ ಶೆಡ್ಡಿನಲ್ಲಿ ಬಡಿದು ಮಾಡಿದ ಹೊಸ ಮಡ್‌ಗಾರ್ಡು ಹಾಕಿ ದೂರ ನಿಂತು ನೋಡಿದರೆ ಎಡ ಬಲ ಒಂದೇ ಥರ ಕಾಣುವುದಿಲ್ಲ. ಬಾನೆಟ್ಟಿನ ಸಂದು ಒಂದು ಕಡೆ ಬೆರಳು ಹೋಗುವಷ್ಟು, ಇನ್ನೊಂದು ಕಡೆ ಉಗುರೂ ಹೋಗದಷ್ಟು. ಆ ಸಂದನ್ನು ಪುಟ್ಟಿ ತುಂಬಿ ಮುಚ್ಚುತ್ತಾರೆ. ಕೊಳ್ಳುವವರು ಬಟ್ಟೆ ಸುತ್ತಿದ ಅಯಸ್ಕಾಂತ ಹಚ್ಚಿ ನೋಡುವುದು ಅದಕ್ಕೇ. ಪುಟ್ಟಿ ದಪ್ಪವಿದ್ದಲ್ಲಿ ಅದು ಜಾರಿ ಬೀಳುತ್ತದೆ. ತುಕ್ಕು ತಿಂದ ಹಳೆ ಮಡ್‌ಗಾರ್ಡಿನ ಕೆಳಗಿನ ನಾಲ್ಕು ಬೆರಳಗಲ ಕತ್ತರಿಸಿ ಅಷ್ಟಕ್ಕೇ ಹೊಸ ತಗಡು ಬೆಸೆದು ಕೂರಿಸುವ ಟಿಂಕರ್ ಸಿಕ್ಕರೆ, ಹೊಸ ಮಡ್‌ಗಾರ್ಡಿನ ದುಡ್ಡನ್ನು ಅವನ ಕೂಲಿಗೆ ಕೊಡುವುದು ಲೇಸು.

ಇದಕ್ಕೊಂದು ಅಪವಾದ ಇಂಗ್ಲೆಂಡಿನಲ್ಲಿದೆ. ಎಂಜಿಬಿ ಎಂಬ ಕಾರಿನ ಇಡೀ ಬಾಡಿ ಶೆಲ್ಲನ್ನು 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹೊಸದಾಗಿ ಮಾಡಿ ಮಾರುತ್ತಿದೆ, ಬಹುಮಟ್ಟಿಗೆ ಮೂಲ ಅಚ್ಚುಗಳನ್ನೇ ಹುಡುಕಿ ತಂದು. ಅಚ್ಚು ಉಳಿದರೆ ಹೊಸದೂ ಹಳೆಯದರಂತೆಯೇ ಬರುತ್ತದೆ. ಅಂಬಾಸಿಡರಿನ ಹೆಸರನ್ನು 2017ರಲ್ಲಿ 80 ಕೋಟಿ ರೂಪಾಯಿಗೆ ಪ್ಯೂಜೊ ಕಂಪನಿ ಕೊಂಡಿತು. ಹೆಸರಿನಿಂದ ಮಡ್‌ಗಾರ್ಡು ಹೊರಡುವುದಿಲ್ಲವಲ್ಲ.

ಬಂಪರಿನ ಮಾತೂ ಹೆಚ್ಚುಕಡಿಮೆ ಇದೇ. ಒಳ್ಳೆಯ ಕ್ರೋಮಿನ ಕೆಳಗೆ ತಾಮ್ರ, ನಿಕಲ್ ಪದರಗಳಿರುತ್ತವೆ. ಮೇಲಿನ ಕ್ರೋಮು ಬರೀ ಹೊಳಪಿನ ತೆಳು ಪೊರೆ. ಅಗ್ಗದ ಬಂಪರಿನಲ್ಲಿ ಕೆಳಗಿನ ಪದರಗಳಿಗೇ ಕತ್ತರಿ ಬಿದ್ದಿರುತ್ತದೆ. ಒಂದು ಮಳೆಗಾಲ ಕಳೆದರೆ ಸಾಸಿವೆ ಚೆಲ್ಲಿದಂತೆ ತುಕ್ಕಿನ ಚುಕ್ಕೆ. ಹಳೆಯದನ್ನೇ ಉಜ್ಜಿಸಿ ಮತ್ತೆ ಪ್ಲೇಟಿಂಗ್ ಮಾಡಿಸಿದರೆ ದುಡ್ಡು ಹೆಚ್ಚಾದರೂ ಬಾಳುತ್ತದೆ.

ಗೇರು, ಕ್ರೌನ್ ಪಿನಿಯನ್, ಸ್ಟೇರಿಂಗಿನ ಟೈ ರಾಡ್ ತುದಿಗಳು: ಇಲ್ಲಿ ನೋಡಬೇಕಾದ್ದು ಕಣ್ಣಿಗೆ ಕಾಣದ ಗುಣ, ಉಕ್ಕನ್ನು ಹದಗೊಳಿಸಿದ ರೀತಿ. ಗಂಗಾವತಿಯ ಮಿಸ್ತ್ರಿಯೊಬ್ಬರು, ಗ್ಯಾರೇಜಿನ ಹುಡುಗರಿಗೆಲ್ಲ ಚಾಚಾ, ಗೇರು ಕೈಗೆ ಬಂದ ಕೂಡಲೇ ಒಂದು ಹಲ್ಲಿನ ಮೂಲೆಗೆ ಅರ ಹಚ್ಚುತ್ತಾರೆ. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಕಚ್ಚುವುದಿಲ್ಲ. ಕಚ್ಚಿ ಪುಡಿ ಉದುರಿತೋ, ‘ಇದು ಬೆಣ್ಣಿ ಅದಪಾ, ವಾಪಸ್ ಕೊಟ್ಟು ಬಾ’ ಅನ್ನುತ್ತಾರೆ. ಅಂಥ ಕಡೆ ಕೆಟ್ಟ ಹೊಸದಕ್ಕಿಂತ ಅರ್ಧ ಸವೆದ ಹಳೆಯದು ಮೇಲು. ಆದರೆ ಟೈ ರಾಡ್ ತುದಿಗೆ ಈ ಮಾತು ಸಲ್ಲದು. ಅದು ಕಳಚಿಕೊಂಡರೆ ಗಾಲಿ ತನಗೆ ಬೇಕಾದ ಕಡೆ ಹೋಗುತ್ತದೆ. ಗುಜರಿಯಿಂದ ತಂದ ಟೈ ರಾಡ್ ತುದಿ ಎಷ್ಟೇ ಗಟ್ಟಿಯಿರಲಿ ಹಾಕಬಾರದು; ಹೆಸರುವಾಸಿ ಕಂಪನಿಯ ಹೊಸದೇ ಬೇಕು.

ಬ್ರೇಕ್ ಲೈನಿಂಗಿನಲ್ಲಿ ಒರಿಜಿನಲ್ ಬೇಡ ಅನ್ನಲು ಇನ್ನೊಂದು ಕಾರಣವಿದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮು ಬಿಚ್ಚಿ ಬಾಯಿಂದ ಊದಿ ಧೂಳು ಹಾರಿಸುವುದು ನಮ್ಮ ಗ್ಯಾರೇಜುಗಳಲ್ಲಿ ಚಾಳಿ. ಆ ಧೂಳು ಪುಪ್ಪಸಕ್ಕೆ ಸೇರಿದರೆ ದಶಕಗಳ ನಂತರ ಕಾಯಿಲೆಯಾಗಿ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಲ್ನಾರಿಲ್ಲದ ಹೊಸ ಲೈನಿಂಗ್ ಹಾಕಿಸಬೇಕು. ಟೈರೂ ಅಷ್ಟೆ. 5.90–15 ಅಳತೆಯ ಹಳೆ ಟೈರಿನಲ್ಲಿ ಗೆರೆ ಪೂರ್ತಿ ಇದ್ದರೂ, ಕಂಪನಿ ಹೆಸರು ಓದುವಂತಿದ್ದರೂ, ಪಕ್ಕೆಯಲ್ಲಿ ಬಿರುಕಿದ್ದರೆ ಅದು ಪ್ರದರ್ಶನಕ್ಕೆ ಮಾತ್ರ.

ಪೆಟ್ರೋಲಿನ ಕಥೆ ಹೊಸದು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಅದರಲ್ಲಿ ದೊಡ್ಡ ಪಾಲು ಮೆಕ್ಕೆಜೋಳದಿಂದ ಬರುತ್ತಿದೆ, ಅಂದರೆ ಇರಕಲ್ಲಗಡದ ಹೊಲದ ಬೆಳೆಯೇ ಸುತ್ತಿ ಬಳಸಿ ಕಾರಿನ ಟ್ಯಾಂಕಿಗೆ ಸೇರುವ ಕಾಲ. 1970ರ ದಶಕದ ಕಾರ್ಬುರೇಟರಿನ ಕಾರ್ಕ್ ಪ್ಯಾಕಿಂಗು, ಪಂಪಿನ ಡಯಾಫ್ರಾಮು, ರಬ್ಬರ್ ಪೈಪುಗಳಿಗೆ ಎಥೆನಾಲ್ ಆಗಿಬರುವುದಿಲ್ಲ: ಉಬ್ಬುತ್ತವೆ, ಮೆತ್ತಗಾಗುತ್ತವೆ, ಉದುರುತ್ತವೆ. ಎಥೆನಾಲ್ ನೀರನ್ನೂ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇಲ್ಲಿ ಒರಿಜಿನಲ್ ಅನ್ನುವ ಹಟ ಹಿಡಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಫ್ಲೋರೊ ರಬ್ಬರಿನ ಹೊಸ ಡಯಾಫ್ರಾಮು, ಎಥೆನಾಲ್ ತಡೆಯುವ ಪೈಪು ಹಾಕಿಸುವುದು ಬ್ರೇಕ್ ಕಪ್ಪಿನಷ್ಟೇ ಅಗತ್ಯ. ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿ ಓದಲು ಬರಬೇಕು. ‘ಮೈಕೊ’ ಹೆಸರಿನ ಸ್ಪಾರ್ಕ್ ಪ್ಲಗ್ಗು ಕೊಟ್ಟು ‘ಹೊಸ ಸ್ಟಾಕ್’ ಅಂದರೆ ನಂಬಬೇಡಿ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಹಾಗಾಗಿ ಆ ಡಬ್ಬಿ ಒಂದೋ ನಿಜಕ್ಕೂ ಹಳೆಯದು, ಇಲ್ಲವೇ ಸುಳ್ಳು ಡಬ್ಬಿ. ಪ್ಲಗ್ಗಿಗೆ ವಯಸ್ಸಾಗುವುದಿಲ್ಲವಾದ್ದರಿಂದ ನಿಜಕ್ಕೂ ಹಳೆಯದಾಗಿದ್ದರೆ ಖುಷಿಯಿಂದ ಕೊಳ್ಳಬಹುದು. ಲೂಕಾಸ್ ಡೈನಮೊ, ಡಿಸ್ಟ್ರಿಬ್ಯೂಟರುಗಳ ಮೈಮೇಲೆ ಮಾಡಿದ ಕಾಲವನ್ನು ಸಣ್ಣ ಅಂಕಿಗಳಲ್ಲಿ ಒತ್ತುತ್ತಿದ್ದರು. ಬಣ್ಣ ಕೆರೆದು ಅದನ್ನು ಓದಿದರೆ ಭಾಗದ ಹುಟ್ಟಿದ ವರ್ಷ ಕಾರಿನ ವರ್ಷಕ್ಕೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಡಿಸ್ಟ್ರಿಬ್ಯೂಟರಿನ ಒಳಗಿನ ಕಂಡೆನ್ಸರ್ ಮತ್ತು ರೋಟರ್ ಮಾತ್ರ ಜಗತ್ತಿನಾದ್ಯಂತ ಹಳೆ ಕಾರಿನವರ ತಲೆನೋವು. ಹೊಸದಾಗಿ ಬರುವ ಅಗ್ಗದವು ಎಂಜಿನ್ ಬಿಸಿಯಾದ ಮೇಲೆ ಕೈಕೊಡುತ್ತವೆ. ಹತ್ತು ಕಿಲೊಮೀಟರ್ ಸಲೀಸಾಗಿ ಹೋದ ಗಾಡಿ ಹನ್ನೊಂದನೆಯದಕ್ಕೆ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಹೊರಡುತ್ತದೆ. ಮಿಸ್ತ್ರಿಗಳು ಹಳೆಯ ಕಂಡೆನ್ಸರನ್ನು ಡಬ್ಬಿಯಲ್ಲಿ ಕೂಡಿಟ್ಟುಕೊಳ್ಳುವುದು ಜಿಪುಣತನದಿಂದಲ್ಲ.

ಒಂದೊಂದೇ ಭಾಗ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಕಾರೇ? ಇದು ಕಟ್ಟೆಯ ಮೇಲಿನ ಹರಟೆಯಷ್ಟೇ ಆಗಿ ಉಳಿದಿಲ್ಲ, ಲಂಡನ್ನಿನ ಹೈಕೋರ್ಟಿಗೂ ಹೋಗಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲಮಾನ್ ರೇಸ್ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಆಮೇಲೆ ಇದು ಅಸಲಿಯಲ್ಲ ಎಂದು ಹಿಂದೆ ಸರಿದರು. ಅವರ ಮಾತಿನಲ್ಲೂ ಹುರುಳಿತ್ತು. ಆ ಕಾರಿನ ಎಂಜಿನ್, ಚಾಸಿ, ಬಾಡಿ ರೇಸಿನ ಕಾಲದಲ್ಲೇ ಬದಲಾಗುತ್ತ ಬಂದಿದ್ದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಮೈದಾನದಲ್ಲಿ ಅಪಘಾತವಾಗಿ ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡರು, ಆಮೇಲೆ ಮತ್ತೆ ಕಟ್ಟಿದರು. 1929ರ ಭಾಗಗಳು ಬೆರಳೆಣಿಕೆಯಷ್ಟು. 1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟದ್ದು ಮಾರುವವರ ಪರವಾಗಿ. ಕಾರು ಯಾವತ್ತೂ ಇಲ್ಲವಾಗಿರಲಿಲ್ಲ, ಅದರ ಇತಿಹಾಸ ಎಲ್ಲೂ ಕಡಿದಿಲ್ಲ, ಆದ್ದರಿಂದ ಅದೇ ಕಾರು ಎಂಬುದು ತೀರ್ಪಿನ ತಿರುಳು.

ಹಾಗೆ ನೋಡಿದರೆ ಇರಕಲ್ಲಗಡದ ಮಾರ್ಕ್ 3ರ ಇತಿಹಾಸವೂ ಕಡಿದಿಲ್ಲ. ಅದರ ಹಿಂದಿನ ಪಾಟಾದಲ್ಲಿ, ಅಂದರೆ ಲೀಫ್ ಸ್ಪ್ರಿಂಗಿನಲ್ಲಿ, ಒಂದು ಎಲೆ ಜಾಸ್ತಿ ಇದೆ, ಹತ್ತು ಮಂದಿಯ ಭಾರಕ್ಕೆಂದು ಹಾಕಿಸಿದ್ದು. ಪಾಟಾದ ಬುಶ್ಶುಗಳು ಕಂಪನಿಯ ರಬ್ಬರಿನವಲ್ಲ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಕೆಲಸ ನಂಬಿ ಬದುಕುವ ಲೇತ್ ಅಂಗಡಿಯೊಂದರಲ್ಲಿ ಗನ್‌ಮೆಟಲ್ಲಿನಲ್ಲಿ ಕಡೆದವು. ರಬ್ಬರು ಈ ರಸ್ತೆಗಳಿಗೆ ತಾಳಲಿಲ್ಲ ಅಂತ ತಂದೆ ಮಾಡಿಸಿದ್ದು. ಸೀಟಿನ ರೆಕ್ಸಿನ್ ಜಾತ್ರೆಯ ಅಂಗಡಿಯ ಬಣ್ಣದ್ದು. ಇವನ್ನೆಲ್ಲ ಕಿತ್ತು 1975ರಲ್ಲಿ ಕಾರ್ಖಾನೆಯ ಬಾಗಿಲಿನಿಂದ ಹೊರಬಿದ್ದ ಹಾಗೆ ಮಾಡಿದರೆ ಕಾರು ಉತ್ತರಪಾರಾದ್ದಾಗುತ್ತದೆ, ಇರಕಲ್ಲಗಡದ್ದಾಗಿ ಉಳಿಯುವುದಿಲ್ಲ. ಜಾಸ್ತಿ ಎಲೆಯನ್ನು ತೆಗೆಯಬಹುದು, ಈಗ ಹತ್ತು ಮಂದಿ ಕೂರುವುದಿಲ್ಲ. ಆದರೆ ಆ ಬುಶ್ಶುಗಳನ್ನು ಬಿಡಿ ಅಂದೆ. ಮಗ ಒಪ್ಪಲಿಲ್ಲ. ಅವರಿಗೆ ರಬ್ಬರೇ ಬೇಕು, ರ್‍ಯಾಲಿಯಲ್ಲಿ ಬಗ್ಗಿ ನೋಡುವವರಿರುತ್ತಾರಂತೆ.

ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು ಎಂಬ ಈ ವಾದಕ್ಕೆ ಬರೆದಿಟ್ಟ ಉತ್ತರವೂ ಇದೆ: ಹಳೆ ವಾಹನಗಳ ಜಾಗತಿಕ ಒಕ್ಕೂಟ ಫಿವಾ 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿಕೊಂಡಿತು. ಅದರ ಬೇರು 1964ರ ವೆನಿಸ್ ಸನ್ನದಿನಲ್ಲಿದೆ, ಅದು ಹಳೆಯ ಕಟ್ಟಡಗಳನ್ನು ಉಳಿಸುವವರು ಬರೆದದ್ದು. ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನದಿ ದಾಟಿದರೆ ಹಂಪಿ. ಬಿದ್ದ ಕಂಬದ ಜಾಗಕ್ಕೆ ಕೆತ್ತನೆಯಿಲ್ಲದ ಬೋಳು ಕಂಬ ನಿಲ್ಲಿಸಿರುವುದನ್ನು ನೋಡಿ ‘ಇದೇನು ಅರೆಬರೆ ಕೆಲಸ’ ಎಂದು ಬೈಯುವ ಪ್ರವಾಸಿಗರುಂಟು. ಅರೆಬರೆಯಲ್ಲ, ಬೇಕೆಂದೇ ಹಾಗೆ: ಭಾರ ಹೊರಲು ಹೊಸ ಕಲ್ಲು ಬೇಕು, ಆದರೆ ಅದು ವಿಜಯನಗರದ ಶಿಲ್ಪಿಯ ಕೈಯದು ಅಂತ ಯಾರೂ ಮೋಸಹೋಗಬಾರದು. ಟ್ಯೂರಿನ್ ಸನ್ನದು ಕಾರಿಗೂ ಇದನ್ನೇ ಹೇಳುತ್ತದೆ. ಇರುವುದನ್ನು ಆದಷ್ಟು ಉಳಿಸಿ. ಅನಿವಾರ್ಯವಾಗಿ ಹೊಸದು ಹಾಕಿದರೆ ಅಳಿಸದ ಗುರುತು ಮಾಡಿ, ಬರೆದಿಡಿ. ಮುಗುಮ್ಮಾಗಿ ಹಾಕಿ ಒರಿಜಿನಲ್ ಎಂದು ಮಾರುವುದರಲ್ಲಿದೆ ಮೋಸ, ಹೊಸ ಭಾಗ ಹಾಕುವುದರಲ್ಲಲ್ಲ. ಊರಿನ ಮಿಸ್ತ್ರಿಗೆ ಇದಕ್ಕೆ ಬೇಕಾದ ಸಲಕರಣೆ ಒಂದು ಉಳಿ, ಒಂದು ನಂಬರ್ ಪಂಚು. ಹೊಸ ಭಾಗದ ಕಾಣದ ಬದಿಗೆ ವರ್ಷ ಒತ್ತಿ, ಒಂದು ನೋಟ್‌ಬುಕ್ಕಿನಲ್ಲಿ ಯಾವುದನ್ನು ಎಲ್ಲಿಂದ ತಂದದ್ದು ಎಂದು ಬರೆದರೆ ಮುಗಿಯಿತು. ಮೊಬೈಲಿನಲ್ಲಿ ಫೋಟೊ ತೆಗೆದರೂ ಸಾಕು. ಇಷ್ಟು ಸುಲಭದ ಕೆಲಸವನ್ನು ನಾನು ನೋಡಿದ ಯಾವ ಗ್ಯಾರೇಜೂ ಮಾಡುವುದಿಲ್ಲ.

ಬಿಚ್ಚಿದ ಭಾಗಗಳನ್ನು ಏನು ಮಾಡುತ್ತಾರೆಂಬುದು ಇನ್ನೂ ಬೇಸರದ ಸಂಗತಿ. ಗ್ಯಾರೇಜಿನ ಹುಡುಗರು ಸಂಜೆಗೆ ಕಿಲೊ ಲೆಕ್ಕದಲ್ಲಿ ಗುಜರಿಯವನಿಗೆ ಹಾಕುತ್ತಾರೆ, ಚಹಾದ ಖರ್ಚು ಹುಟ್ಟುತ್ತದೆ. ಆರು ತಿಂಗಳಾದ ಮೇಲೆ ಹೊಸ ಬುಶ್ಶು ಸಡಿಲವಾಗಿ ಲೇತಿನ ಅಂಗಡಿಗೆ ಹೋದರೆ ಅವರು ಕೇಳುವ ಮೊದಲ ಮಾತು, ‘ಸ್ಯಾಂಪಲ್ ತಂದೀರೇನ್ರಿ?’ ನಕ್ಷೆಯಿಲ್ಲದ ಊರಿನಲ್ಲಿ ಹಳೆಯ ಭಾಗವೇ ನಕ್ಷೆ. ಅದು ಎಷ್ಟೇ ಸವೆದಿರಲಿ, ತಿಳಿದ ಲೇತಿನವರಿಗೆ ಸಾಕಾಗುತ್ತದೆ: ಉಜ್ಜಾಟವಿಲ್ಲದ ತುದಿಯಲ್ಲಿ ವರ್ನಿಯರ್ ಹಿಡಿದರೆ ಮೂಲ ಅಳತೆ ಸಿಗುತ್ತದೆ, ನಡುವೆ ಹಿಡಿದರೆ ಸವೆತದ ಲೆಕ್ಕ. ಮಾರ್ಕ್ 3ರಿಂದ ತೆಗೆದ ಆ ನಾಲ್ಕು ಗನ್‌ಮೆಟಲ್ ಬುಶ್ಶುಗಳನ್ನು, ರಬ್ಬರು ಹಾಕಿಸಿದ ಮೇಲೂ, ತಂತಿಯಲ್ಲಿ ಪೋಣಿಸಿ ಡಿಕ್ಕಿಯ ಸ್ಟೆಪ್ನಿ ಜತೆ ಕಟ್ಟಿಡಲು ಮಗ ಒಪ್ಪಿದ್ದಾರೆ. ಕುಷ್ಟಗಿ ರಸ್ತೆಯಲ್ಲಿ ರಬ್ಬರು ಎಷ್ಟು ದಿನ ತಾಳುತ್ತದೆ ಅಂತ ಚಾಚಾಗೆ ಕೇಳಿದರೆ, ಮಳೆಗಾಲ ಮುಗೀಲಿ ಅಂದರು.